ನಾಲ್ಕು ಮೂಲೆಯ ಅರಿಶಿನ

ಇವತ್ತು ಬೆಳಿಗ್ಗೆ ಕಾಲೇಜಿನ ಕಚೇರಿಗೆ ತೋರಿಸಬೇಕೆಂದು ನನ್ನ ಪಿಯುಸಿ ಅಂಕಪಟ್ಟಿಯನ್ನು ಫೈಲಿನಿಂದ ತೆಗೆದೆ. ಹಾಸ್ಟೆಲಿನ ಕೋಣೆಯಲ್ಲೆಲ್ಲ ಅರಿಶಿನದ ವಾಸನೆ. ಜೊತೆಗಾರ ಮಂಚದಿಂದಲೇ ತಲೆಯೆತ್ತಿ, ‘ಊರಿಂದ ಸಾರಿನ ಪುಡಿ ಬಂತಾ?’ ಎಂದ. ಸೀಟು ಸಿಗುವುದೇ ಅಪರೂಪವೆನ್ನುವ ಈ ತಂತ್ರಜ್ಞಾನ ವಿದ್ಯಾಲಯ ಆ ಅರಿಶಿನದಿಂದಲೇ ನನಗೆ ತಪ್ಪಿಹೋಗುತ್ತಿತ್ತು ಎಂದರೆ ಅವನು ನಂಬಲಿಲ್ಲ. ನೀವಾದರೂ ನಂಬುತ್ತೀರೋ ನೋಡೋಣ.

ಮೊದಲು ನನ್ನ ಗಂಟಲಿನ ವಿಷಯ ಹೇಳಿಬಿಡಬೇಕು. ಗಂಟಲು ನನ್ನದೇ, ಆದರೆ ಅದರಲ್ಲಿ ಬಾಡಿಗೆಗಿರುವವರೇ ಹೆಚ್ಚು. ಉಮ್ಮತ್ತೂರು ಬಸ್ಸಿನ ಕಂಡಕ್ಟರು, ಮೂಗಿನಲ್ಲೇ ಭೌತಶಾಸ್ತ್ರ ಹೇಳುವ ಮೇಷ್ಟ್ರು, ಪಕ್ಕದ ಮನೆಯ ದೊಡ್ಡವ್ವ, ಯಾರು ಬೇಕು ಹೇಳಿ. ಪ್ರವೇಶದ ಪಟ್ಟಿಯಲ್ಲಿ ನನ್ನ ಹೆಸರು ಬಂದಾಗ ಮೇಷ್ಟ್ರು ಎರಡೆರಡು ಸಲ ನೋಡಿದರಂತೆ, ಇದೂ ನನ್ನ ಮಿಮಿಕ್ರಿಯೇ ಇರಬಹುದೆಂದು.

ಮನೆ ಗುಂಡ್ಲುಪೇಟೆಯಲ್ಲಿ. ಅಪ್ಪನಿಗೆ ಚಾಮರಾಜನಗರದ ಅರಿಶಿನ ಮಂಡಿಯಲ್ಲಿ ತೂಕದ ಕೆಲಸ. ಫೋನಿನಲ್ಲಿ ನನಗೆ ಹೆಚ್ಚು ಸಲ ಸಿಕ್ಕಿಬಿದ್ದವನು ಅವನೇ. ಒಮ್ಮೆ ಈರೋಡಿನ ವ್ಯಾಪಾರಿಯಾಗಿ ತಮಿಳುಗನ್ನಡದಲ್ಲಿ ನಲವತ್ತು ಮೂಟೆ ಕೇಳಿದ್ದೆ. ಪಾಪ, ನಿಜ ಗೊತ್ತಾಗುವಷ್ಟರಲ್ಲಿ ಹದಿನಾರು ಮೂಟೆ ಮಂಡಿಯ ಬಾಗಿಲಿಗೆ ತಂದಿಟ್ಟಿದ್ದ. ಆಮೇಲಿಂದ ಗುರುತಿಲ್ಲದ ಯಾವ ದನಿ ಬಂದರೂ ಅವನದು ಒಂದೇ ಉತ್ತರ: ‘ಸಾಕು ಬುಡ್ಲಾ, ಎಮ್ಮೆಗೆ ನೀರು ಮಡಗೋಗು.’ ಮೊಬೈಲಿನ ಹೊಸ ಯೋಜನೆ ವಿವರಿಸುವ ಹುಡುಗಿಯರಿಗೂ ಎಮ್ಮೆಗೆ ನೀರಿಡುವ ಕೆಲಸ ತಪ್ಪಲಿಲ್ಲ.

ಇನ್ನು ಅವ್ವ. ಮದುವೆಯ ಕರೆಯೋಲೆಯಾಗಲಿ, ಹೊಸ ಬೈಕಿನ ಕಾಗದವಾಗಲಿ, ಮನೆಯಿಂದ ಹೊರಡುವ ಒಳ್ಳೆಯ ಕಾಗದಕ್ಕೆಲ್ಲ ನಾಲ್ಕು ಮೂಲೆಗೆ ಅರಿಶಿನ ಹಚ್ಚಬೇಕು. ನನ್ನ ಅಂಕಪಟ್ಟಿಗೂ ಹಚ್ಚಿದಳು. ಮಂಡಿಯಿಂದ ಬಂದ ಅಸಲಿ ಮಾಲು, ಮಗನ ಮೇಲೆ ಪ್ರೀತಿ ಬೇರೆ. ಬಲಮೂಲೆಯ ನೋಂದಣಿ ಸಂಖ್ಯೆ ಪೂರ್ತಿ ಮುಳುಗಿಹೋಯಿತು. ಸ್ಕ್ಯಾನ್ ಮಾಡುವ ಅಂಗಡಿಯ ರಿಯಾಜ್ ಭಾಯ್, ‘ಏನಪ್ಪಾ, ಬಿರಿಯಾನಿ ಇದರ ಮೇಲೇ ಬಡಿಸಿದ್ರಾ?’ ಎಂದ. ನಾನು ನಕ್ಕು ಹಾಗೆಯೇ ವಿದ್ಯಾಲಯಕ್ಕೆ ಕಳಿಸಿದೆ. ಅರ್ಜಿಯಲ್ಲಿ ಅಪ್ಪನ ನಂಬರು ಕೊಟ್ಟಿದ್ದೆ.

ಮಾರನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಅಪ್ಪ ಅವ್ವನ ಫೋನಿಗೆ ಕರೆ ಮಾಡಿದ. ನಾನೇ ಎತ್ತಿದೆ.

‘ಇವತ್ತಿಂದು ಮಾತ್ರ ಒಸಿ ಚೆನ್ನಾಗಿತ್ತು ಕಣ್ಲಾ.’

‘ಯಾವುದು?’

‘ಅದೇ, ಅಂಕಪಟ್ಟಿ ಕಾಣ್ತಿಲ್ಲ, ಐದು ಗಂಟೆ ಒಳಗೆ ಸರಿ ಮಾಡ್ದೆ ಓದ್ರೆ ಸೀಟು ರದ್ದು ಅಂದ್ಯಲ್ಲ. ಓದ್ರೆ ಓಗ್ಲಿ, ಎಮ್ಮೆಗೆ ನೀರು ಮಡಗು ಅಂದ್ಬುಟ್ಟು ಮಡಿಗ್ದೆ.’

ನನ್ನ ಗಂಟಲಿನ ಬಾಡಿಗೆದಾರರೆಲ್ಲ ಒಟ್ಟಿಗೆ ಮನೆ ಖಾಲಿ ಮಾಡಿದರು. ‘ಅಪ್ಪ, ಅದು ನಾನಲ್ಲ.’

‘ಓದ್ಸಲಾನೂ ಇಂಗೇ ಅಂದಿದ್ದೆ.’

ಅವ್ವ ಫೋನು ಕಿತ್ತುಕೊಂಡು, ಮಗ ಬೆಳಗಿಂದ ಫೋನು ಮುಟ್ಟಿಲ್ಲ ಎಂದಳು. ಅಪ್ಪ ಮೆಚ್ಚುಗೆಯಿಂದ, ‘ನಿಮ್ಮವ್ವನ ದನೀನೂ ಕಲ್ತ್ಬುಟ್ಟಾ?’ ಎಂದ. ಕೊನೆಗೆ ಅವಳು, ‘ಬುತ್ತಿ ಮರ್ತು ಓದ್ರಲ್ಲ, ಅದ್ನ ನಾನೇ ಉಂಡೆ. ಉಪ್ಪು ಜಾಸ್ತಿ ಆಗಿತ್ತು,’ ಎಂದಳು. ಅಡಿಗೆಯಲ್ಲಿ ತಪ್ಪಾಯಿತೆಂದು ಒಪ್ಪಿಕೊಳ್ಳುವಷ್ಟರ ಮಟ್ಟಿಗೆ ಹೋಗಿದ್ದಾಳೆಂದರೆ ವಿಷಯ ನಿಜವೇ ಇರಬೇಕೆಂದು ಅಪ್ಪನಿಗೂ ಹೊಳೆಯಿತು. ‘ಆ ನಂಬರು ತಗೀತೀನಿ ತಡಿ,’ ಎಂದ.

ರಿಯಾಜ್ ಭಾಯ್ ಅಂಗಡಿಗೆ ಓಡಿದೆ. ಅರಿಶಿನ ಒರೆಸಿದಷ್ಟೂ ಹರಡಿತು. ‘ಕೈ ತೆಗಿ,’ ಎಂದು ಅವನು ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ. ಹಳದಿ ಮಾಯವಾಗಿ ಅಂಕಿಗಳು ಎದ್ದವು. ಆದರೆ ಒಮ್ಮೆ ಕಳಿಸಿಯಾಗಿದ್ದರಿಂದ ಪುಟ ಮುಚ್ಚಿತ್ತು. ಅಪ್ಪನಿಗೆ ಫೋನು ಮಾಡಿದ್ದ ವಿದ್ಯಾಲಯದ ಅಧಿಕಾರಿಯೇ ತೆರೆಯಬೇಕು. ಅಪ್ಪನಿಂದ ನಂಬರು ಪಡೆದು ಅಪ್ಪ, ಅಧಿಕಾರಿ, ನಾನು ಮೂವರನ್ನೂ ಒಂದೇ ಕರೆಗೆ ಸೇರಿಸಿದೆ. ‘ನೀನು ಬಾಯಿ ಬುಡ್ಬೇಡ, ನಿನ್ನ ಯಾರು ನಂಬ್ತಾರೆ,’ ಎಂದು ಅಪ್ಪ ಮೊದಲೇ ಹೇಳಿದ್ದ.

‘ಸಾ, ಎಮ್ಮೆಗೆ ನೀರು ಮಡಗು ಅಂದವನು ನಾನೇಯ. ನನ್ ಮಗ ಅನ್ಕಂಡ್ಬುಟ್ಟೆ. ಅವನು ಎಲ್ಲಾರ ದನಿ ತಗೀತಾನೆ ಸಾ. ಓದಿರದು ಮಾತ್ರ ಅವನೇಯ. ಬೈಯೋದಾದ್ರೆ ನನ್ನ ಬೈರಿ, ಅವನ ಸೀಟು ಕಳೀಬೇಡಿ.’

ಮೂಟೆ ಎತ್ತುವಾಗಲೂ ನಡುಗದ ದನಿ ಅದು. ಅವತ್ತು ನಡುಗಿತು. ಅಧಿಕಾರಿ, ‘ಎಮ್ಮೆ ನೀರು ಕುಡೀತಾ?’ ಎಂದು ಕೇಳಿ ಪುಟ ತೆರೆದರು. ಐದಕ್ಕೆ ಹನ್ನೊಂದು ನಿಮಿಷ ಬಾಕಿಯಿತ್ತು.

ಇಲ್ಲಿ ಹಾಸ್ಟೆಲಿನಲ್ಲಿ ಅಪ್ಪನ ದನಿಗೆ ಭಾರಿ ಬೇಡಿಕೆ. ಮಂಡಿಯಲ್ಲಿ ಕೂಗುವ ಅಪ್ಪ, ಎಮ್ಮೆಯ ಹತ್ತಿರ ಜಗಳವಾಡುವ ಅಪ್ಪ, ಎಲ್ಲ ಮಾಡಿ ತೋರಿಸುತ್ತೇನೆ. ಅಧಿಕಾರಿಗೆ ಅಂದ ಆ ನಡುಗಿದ ‘ಸಾ’ ಒಂದನ್ನು ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಬರುವುದಿಲ್ಲ.

ಕಚೇರಿಯ ಗುಮಾಸ್ತರು ಇವತ್ತು ಅಂಕಪಟ್ಟಿ ಮುಟ್ಟಿ, ಬೆರಳು ನೋಡಿಕೊಂಡು ಮೊಹರು ಒತ್ತಿದರು. ಹೊರಗೆ ಬಂದು ಅಪ್ಪನಿಗೆ ಫೋನು ಮಾಡಿದೆ. ಯಾವ ವ್ಯಾಪಾರಿಯನ್ನೂ ಕರೆತರಲಿಲ್ಲ.

‘ಅಪ್ಪ, ನಾನು.’

ಅಪ್ಪ ಕೇಳಿದ: ‘ಇದ್ಯಾರ ದನಿಲಾ?’

‘ನಂದೇ.’

‘ಒಸಿ ಅಭ್ಯಾಸ ಬೇಕು ಕಣ್ಲಾ,’ ಎಂದ.