ಅತ್ತೆ ನಕ್ಕಾಗ ಕಂಡದ್ದು

ನಮ್ಮತ್ತೆ ನಗುವುದನ್ನು ನಿಲ್ಲಿಸಿದ್ದಾರೆಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಮಾದಾಪುರದ ಸುತ್ತಮುತ್ತ ನನ್ನಂಥ ಮಂಕು ಸೊಸೆ ಇನ್ನೊಬ್ಬಳಿರಲಾರಳು. ಕಾಫಿ ಕುಯ್ಯುವ ಹೆಂಗಸರನ್ನೆಲ್ಲ ನಗಿಸಿ, ತಾವೂ ಗಿಡ ಹಿಡಿದುಕೊಂಡು ನಗುತ್ತಿದ್ದವರು ಈಗ ತುಟಿಯಂಚಿನಲ್ಲಿ ಮುಗಿಸಿಬಿಡುತ್ತಿದ್ದರು. ವಯಸ್ಸಾಯಿತು, ಗಾಂಭೀರ್ಯ ಬಂತು ಅಂದುಕೊಂಡಿದ್ದೆ. ಒಂದು ದಿನ ಕೆಮ್ಮು ಬಂದಾಗ ಅವರು ಸೀರೆಯ ನೆರಿಗೆಯನ್ನು ಕೆಳಗೆ ಅದುಮಿ ಹಿಡಿದದ್ದು ಕಣ್ಣಿಗೆ ಬಿತ್ತು. ಬೆನ್ನು ಬಿಡದೆ ಕೇಳಿದೆ.

"ಅದು ಇಳ್ದದೆ ಕಣವ್ವ. ನಕ್ರೆ, ಕೆಮ್ಮಿದ್ರೆ ಹೊರಕ್ಕೇ ಬತ್ತದೆ. ಅದ್ಕೇ ನಗಾದೇ ಬಿಟ್ಟೆ."

ಗರ್ಭಕೋಶ ಜಾರಿತ್ತು. ಡಾಕ್ಟರು ಸ್ಕ್ಯಾನಿಂಗ್ ಬರೆದುಕೊಟ್ಟರೆ ಅತ್ತೆ ಒಪ್ಪಲೊಲ್ಲರು. ನಮ್ಮ ಕಡೆ ಸ್ಕ್ಯಾನಿಂಗ್ ಎಂದರೆ ಬಸುರಿಯರಿಗೆ. "ಅರವತ್ತೆರಡಕ್ಕೆ ಸ್ಕ್ಯಾನಿಂಗಾ? ಜನ ಎಂತ ಅಂದ್ಕಂಡಾರು!"

ಹೇಗೋ ಒಪ್ಪಿಸಿ ಕರೆದೊಯ್ದು ಮಡಿಕೇರಿಯಲ್ಲಿ ಸರದಿಗೆ ಕೂತಿದ್ದಾಗ ಅವರು ಹೆದರಿದಂತೆಯೇ ಊರ ಕಡೆಯ ಹೆಂಗಸೊಬ್ಬರು ಎದುರಾದರು. "ಸ್ಕ್ಯಾನು ಯಾರಿಗೆ?" ಎಂದರು. ಅತ್ತೆ ಕಣ್ಣು ಮಿಟುಕಿಸದೆ ನನ್ನತ್ತ ಕೈ ತೋರಿಸಿದರು. ನನಗೆ ನಲವತ್ತು ದಾಟಿದೆ, ಮಗಳು ಪಿಯುಸಿ ಓದುತ್ತಿದ್ದಾಳೆ. ಆಕೆ ನನ್ನ ಮುಖ ನೋಡಿ, ಹೊಟ್ಟೆ ನೋಡಿ, "ಒಳ್ಳೇದಾಗ್ಲಿ" ಎಂದು ಹೋದರು. ನಿಜವಾಗಿ ನನಗೆ ಸಿಟ್ಟು ಬಂದಿತ್ತು.

ಒಳಗೆ ಡಾಕ್ಟರಮ್ಮ ಅತ್ತೆಯನ್ನು ಮಲಗಿಸಿ, ಸ್ಕ್ಯಾನಿಂಗ್ ಉಪಕರಣವನ್ನು ಹೊಟ್ಟೆಯ ಮೇಲಲ್ಲ, ತೊಡೆಗಳ ನಡುವೆ, ಹೊರಗಿನಿಂದಲೇ ಇಟ್ಟರು. "ಮುಕ್ಕಿ ಅಮ್ಮಾ, ಹೆರಿಗೇಲಿ ಮುಕ್ಕಿದ ಹಾಗೆ." ಅತ್ತೆ ಉಸಿರು ಕಟ್ಟಿ ಇನ್ನಷ್ಟು ಬಿಗಿಹಿಡಿದರು. ವರ್ಷದಿಂದ ಹಿಡಿದೂ ಹಿಡಿದೂ ಅದೇ ಅಭ್ಯಾಸವಾಗಿತ್ತು. ನಾಲ್ಕು ಸಲ ಹೇಳಿದರೂ ಪರದೆಯ ಮೇಲೆ ಏನೂ ಅಲುಗಲಿಲ್ಲ. "ಹೀಗಾದ್ರೆ ಎಷ್ಟು ಇಳಿದಿದೆ ಅಂತಾನೇ ಗೊತ್ತಾಗಲ್ಲ," ಎಂದು ಡಾಕ್ಟರಮ್ಮ ನನ್ನ ಮುಖ ನೋಡಿದರು.

ಗೋಡೆಯ ಮೇಲೆ ಬೋರ್ಡಿತ್ತು: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ. ಹೊರಗಿನ ಸಿಟ್ಟು ನನ್ನಲ್ಲಿ ಇನ್ನೂ ಆರಿರಲಿಲ್ಲ.

"ಅತ್ತೆ, ನಂದು ಗಂಡೋ ಹೆಣ್ಣೋ ಹೇಳಲ್ವಂತೆ ನೋಡಿ," ಎಂದೆ.

ಅತ್ತೆ ತಡೆಯಲಾರದೆ ನಕ್ಕರು. ಮಂಚ ಅಲುಗುವಂತೆ, ಹಳೆಯ ನಗು. ಪರದೆಯಲ್ಲಿ ಬೂದುಬಣ್ಣದ್ದೆಲ್ಲ ಸರಕ್ಕನೆ ಕೆಳಗಿಳಿಯಿತು. "ಹಾಂ, ಬಂತು!" ಎಂದು ಡಾಕ್ಟರಮ್ಮ ಗುಂಡಿ ಒತ್ತಿದರು. ನನಗೋ ಅಳು ಬಂದಿತ್ತು.

ಆಮೇಲೆ ಅವರು ಇನ್ನೊಂದು ಚಿತ್ರ ತೋರಿಸಿದರು. ಎಲ್ಲವನ್ನೂ ಕೆಳಗಿನಿಂದ ಹೊತ್ತು ನಿಲ್ಲುವ ಸ್ನಾಯು ಎಡಗಡೆ ಮೂಳೆಯಿಂದ ಕಿತ್ತುಬಂದಿತ್ತು. "ಮೊದಲ ಹೆರಿಗೆ ಕಷ್ಟ ಆಗಿತ್ತಾ?"

"ಇಕ್ಕಳ ಹಾಕಿ ಎಳ್ದಿದ್ರು. ಮಂಡೆ ದೊಡ್ಡದು," ಎಂದರು ಅತ್ತೆ.

ಆ ಮಂಡೆಯನ್ನೇ ನಾನು ಮದುವೆಯಾಗಿರುವುದು. ಯಾವ ಟೋಪಿಯೂ ಹಿಡಿಸದ ಆ ತಲೆಯ ಬಗ್ಗೆ ನಗೆಚಟಾಕಿ ಇಲ್ಲದೆ ನಮ್ಮ ಮನೆಯಲ್ಲಿ ಯಾವ ಸಮಾರಂಭವೂ ಮುಗಿಯುವುದಿಲ್ಲ. ಹರಿದದ್ದು ಬಹುಶಃ ಆಗಲೇ, ಮುಂದೆ ಹೊತ್ತ ಕಾಫಿ ಚೀಲಗಳು ಉಳಿದದ್ದನ್ನು ಮಾಡಿರಬೇಕು ಎಂದರು ಡಾಕ್ಟರಮ್ಮ. ಬರೀ ಆಪರೇಷನ್ ಮಾಡಿದರೆ ಮತ್ತೆ ಜಾರಬಹುದು. ಮೊದಲು ಜಾರದಂತೆ ತಡೆಯಲು ಒಳಗೆ ರಿಂಗ್ ಹಾಕಿ, ವ್ಯಾಯಾಮ ಮಾಡಿಸಿ ನೋಡೋಣ ಎಂದರು.

ಜೀಪು ಹತ್ತಿದ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡರು. "ಅವ್ನಿಗೆ ಹೇಳ್ಬೇಡ ಕಣವ್ವ. ನನ್ನಿಂದ್ಲೇ ಹಿಂಗಾಯ್ತು ಅಂತ ಕೊರಗ್ತಾನೆ."

ನಾನು ಹೇಳಿಲ್ಲ. ನನ್ನ ಗಂಡ ನಾನು ಬರೆದದ್ದನ್ನು ಓದುವವರಲ್ಲವೆಂಬ ಧೈರ್ಯದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಅಂದು ಮನೆ ಮುಟ್ಟುವಷ್ಟರಲ್ಲಿ ನನ್ನ ಗಂಡ ಜಗಲಿಯಲ್ಲಿ ಕಾಯುತ್ತಿದ್ದರು. "ಎಂತ ಹೇಳಿದ್ರವ್ವ?"

"ಗಂಡೋ ಹೆಣ್ಣೋ ಹೇಳಲ್ವಂತೆ ಕಣೋ," ಎಂದು ಅತ್ತೆ ಒಂದು ಕೈಯಲ್ಲಿ ನೆರಿಗೆ ಅದುಮಿಕೊಂಡೇ ನಕ್ಕರು. ಏನೂ ಅರ್ಥವಾಗದೆ ಮಗ ತಲೆ ತುರಿಸಿಕೊಂಡರು. ಅತ್ತೆ ಇನ್ನೊಂದು ಕೈಯಿಂದ ಆ ದೊಡ್ಡ ತಲೆಯನ್ನು ಒಮ್ಮೆ ಸವರಿ ಒಳಗೆ ಹೋದರು.