ಓದನ್ನು ತಡೆದ ಕೈ

ಮ್ಯಾಂಚೆಸ್ಟರಿನ ಯಹೂದಿ ಶಾಲೆಗಳಲ್ಲಿ ಇತಿಹಾಸ ಕಲಿಸಿದವರು ಅನೇಕರಿದ್ದಾರೆ. ಪಾಠವನ್ನು ಯಾವಾಗ ನಿಲ್ಲಿಸಬೇಕೆಂಬುದನ್ನೂ ಕಲಿಸಿದವರು, ನಾನು ಬಲ್ಲಂತೆ, ೧೯೭೯ರ ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ಹೆರ್ಮಿನಾ ಲೆಫ್ಕೋವಿಚ್ ಅವರೊಬ್ಬರೇ. ಮೊದಲು ಅವರ ವಿದ್ಯಾರ್ಥಿನಿಯಾಗಿ, ಬಳಿಕ ಪಕ್ಕದ ಕೊಠಡಿಯ ಸಹೋದ್ಯೋಗಿಯಾಗಿ ಅವರನ್ನು ಕಂಡ ನಾನು ಅವರ ಮಾತಿಗಿಂತ ಮೌನವನ್ನೇ ಹೆಚ್ಚು ನೆನೆಯುತ್ತೇನೆ.

ಅವರು ಚೆಕೊಸ್ಲೊವಾಕಿಯಾದ ಕೊಶಿತ್ಸೆ ಪಟ್ಟಣದವರು. ಯುದ್ಧಕ್ಕೆ ಮುನ್ನ, ಹರೆಯದಲ್ಲೇ ಒಬ್ಬರೇ ಇಲ್ಲಿಗೆ ಬಂದು ರೇನ್‌ಕೋಟ್ ಕಾರ್ಖಾನೆಯಲ್ಲಿ ಹೊಲಿಗೆಗೆ ಸೇರಿದರು. ತಾಯಿ ಅಲ್ಲೇ ಉಳಿದರು. ೧೯೪೪ರ ಜುಲೈನಲ್ಲಿ, ಹಂಗೇರಿಯ ವಶದಲ್ಲಿದ್ದ ಆ ಸೀಮೆಯ ಯಹೂದಿಗಳನ್ನು ರೈಲುಗಳಲ್ಲಿ ತುಂಬಿ, ಪೋಲೆಂಡಿಗೆ ಒಯ್ದು ಕೊಲ್ಲುತ್ತಿದ್ದಾರೆಂಬ ಸುದ್ದಿ ಪತ್ರಿಕೆಗಳ ಒಳಪುಟಗಳಲ್ಲಿ ಬಂತು.

ನಮ್ಮವರ ಹಳೆಯ ಊರುಗಳಲ್ಲಿ ಅನ್ಯಾಯಕ್ಕೊಳಗಾದವರಿಗೆ ಶನಿವಾರದ ಸಬ್ಬತ್ತಿನಂದು ಧರ್ಮಗ್ರಂಥವಾದ ತೋರಾದ ಪಠಣವನ್ನು ತಡೆಯುವ ಹಕ್ಕಿತ್ತು. ಅವರ ಮೊರೆಯನ್ನು ಸಭೆ ಕೇಳುವವರೆಗೆ ಓದು ಮುಂದುವರಿಯುವಂತಿರಲಿಲ್ಲ. ಇಂಗ್ಲೆಂಡಿನ ನಮ್ಮ ಶಿಸ್ತಿನ ಪ್ರಾರ್ಥನಾಮಂದಿರಗಳಲ್ಲಿ ಅದು ಮರೆತೇ ಹೋಗಿತ್ತು. ಆ ಶನಿವಾರ ಹೆರ್ಮಿನಾ ಮಹಡಿಯ ಹೆಂಗಸರ ಸಾಲಿನಿಂದ ಇಳಿದು ಬಂದು, ಪಠಣದ ಮೇಜಿನ ಮೇಲೆ ಕೈಯಿಟ್ಟರು.

"ರೈಲು ಹಳಿ ಮೇಲೆ ಬಾಂಬ್ ಹಾಕಿ ಅಂತ ಸರ್ಕಾರಕ್ಕೆ ಹೇಳಿ. ಹೇಳ್ತೀವಿ ಅನ್ನೋವರೆಗೂ ಈ ಕೈ ತೆಗೆಯಲ್ಲ. ನಮ್ಮಮ್ಮ ಅಲ್ಲಿದ್ದಾಳೆ."

"ಇದು ಇಂಗ್ಲೆಂಡು ಕಣಮ್ಮ, ನಿಮ್ಮೂರ ಸಂತೆಯಲ್ಲ. ಮೇಲೆ ಹೋಗಿ ಕೂತ್ಕೋ," ಎಂದರು ಮಂದಿರದ ಅಧ್ಯಕ್ಷ ಪಾಸ್ಮನ್.

ಮುಂದಿನ ಸಾಲಿನಲ್ಲಿದ್ದ ಮುದಿ ದರ್ಜಿ ಝೆಲಿಗ್ ಎದ್ದು ನಿಂತರು. "ಸ್ವಲ್ಪ ತಡೀರಿ ಯಜಮಾನ್ರೇ. ನಾವು ಓದೋದು ದೇವರಿಗೆ ಬಾಯಿಪಾಠ ಆಗಿದೆ. ಈ ಹುಡುಗಿ ಮಾತು ಕೇಳ್ಲಿ ಅವನೂ."

ಯಾರೋ ನಕ್ಕರಂತೆ, ಮರುಕ್ಷಣ ಯಾರೂ ನಗಲಿಲ್ಲವಂತೆ. ಸಬ್ಬತ್ತು ಮುಗಿದ ಮೇಲೆ ಸಭೆಯವರೆಲ್ಲ ಮನವಿಗೆ ಸಹಿ ಹಾಕಿದರು. ಅದನ್ನು ಲಂಡನ್ನಿಗೆ ಒಯ್ದವರು ಪಾಸ್ಮನ್ನರೇ. ಬಂದ ಉತ್ತರ ನಯವಾಗಿತ್ತು. ವಿಮಾನಗಳು ಬೇರೆಡೆ ಬೇಕಾಗಿದ್ದವು. ಹಳಿಗಳು ಹಾಗೆಯೇ ಉಳಿದವು.

ಯುದ್ಧದ ಬಳಿಕ ಸಂಜೆ ತರಗತಿಗಳಲ್ಲಿ ಓದಿ ಪದವಿ ಪಡೆದು ಅವರು ನಮ್ಮ ಶಾಲೆಗೆ ಬಂದರು. ಅವರ ತರಗತಿಯಲ್ಲಿ ಯಾವ ಹುಡುಗಿಯಾದರೂ ಬಂದು ಮೇಜಿನ ಮೇಲೆ ಕೈಯಿಟ್ಟರೆ ಪಾಠ ನಿಲ್ಲುತ್ತಿತ್ತು. ನಾಜಿ ಶಿಬಿರದಿಂದ ಬದುಕಿ ಬಂದ ನನ್ನ ತಂದೆ ಮನೆಯಲ್ಲಿ ಮಾತನಾಡುವುದನ್ನೇ ಬಿಟ್ಟಿದ್ದ ಆ ಚಳಿಗಾಲ, ನಾನೂ ಹೋಗಿ ಕೈಯಿಟ್ಟೆ, ಬಾಯಿ ತೆರೆಯಲಾಗಲಿಲ್ಲ. ಅವರು ಪುಸ್ತಕ ಮುಚ್ಚಿ ಕಾದರು. ಗಂಟೆ ಹೊಡೆಯಿತು. "ನಾಳೇನೂ ಬಾ," ಎಂದರು. ಮರುದಿನವೂ ಹಾಗೆಯೇ ಕಾದರು. ಯಾರಾದರೂ ಕಾಯುತ್ತಿದ್ದರೆ ಮೌನವೂ ಒಂದು ಮೊರೆಯೆಂದು ನನಗೆ ತಿಳಿದದ್ದು ಅಲ್ಲಿ.

ಅವರ ತಾಯಿಯನ್ನು ಒಯ್ದ ರೈಲು ಮೇ ತಿಂಗಳಲ್ಲೇ ಹೊರಟುಹೋಗಿತ್ತೆಂಬುದು ಅವರಿಗೆ ತಿಳಿದದ್ದು ಯುದ್ಧ ಮುಗಿದ ಮೇಲೆ. ಹಾಗೆಂದು ಅವರೇ ಒಮ್ಮೆ ಚಹಾ ಕುಡಿಯುತ್ತ ಹೇಳಿದಾಗ ನಾನು ತಡೆಯಲಾರದೆ ಕೇಳಿದೆ: "ಹಾಗಾದ್ರೆ ನೀವು ಕೈಯಿಟ್ಟಿದ್ದು ವ್ಯರ್ಥ ಆಯ್ತಾ, ಮಿಸ್?"

ಅವರು ಬಟ್ಟಲು ಕೆಳಗಿಟ್ಟರು.

"ನಮ್ಮಮ್ಮನ ರೈಲು ಹೋಗಿತ್ತು ಕಣೇ. ಹಳಿ ಇನ್ನೂ ಇತ್ತಲ್ಲ."

ವಿಯೆಟ್ನಾಮಿನಿಂದ ಬಂದ ನಿರಾಶ್ರಿತರಿಗೆ ಅವರೀಗ ಇಂಗ್ಲಿಷ್ ಕಲಿಸಲು ಹೊರಟಿದ್ದಾರೆ. ನಮ್ಮವರು ಹಿರಿಯರಿಗೆ ನೂರಿಪ್ಪತ್ತು ವರ್ಷದ ಆಯುಸ್ಸು ಕೋರುತ್ತಾರೆ. ಅಷ್ಟನ್ನೂ ಅವರಿಗೆ ಕೋರುತ್ತೇನೆ. ಆ ಕೈ ಮೇಜಿನ ಮೇಲೆಯೇ ಇರಲಿ.