ಗ್ರಾಮಫೋನ್ ಅಂಗಡಿಯ ಸಾಹೇಬರು

ಸಾಹೇಬರ ಬಿಳಿ ಟೊಪ್ಪಿಯ ಅಂಚಿನಲ್ಲಿ ಯಾವಾಗಲೂ ನಾಲ್ಕೈದು ಗ್ರಾಮಫೋನ್ ಮುಳ್ಳುಗಳು ಚುಚ್ಚಿಕೊಂಡಿರುತ್ತಿದ್ದವು, ದರ್ಜಿಗಳು ಅಂಗಿಯ ಎದೆಗೆ ಸೂಜಿ ಸಿಕ್ಕಿಸಿಕೊಂಡ ಹಾಗೆ. ಮಾತಿನ ನಡುವೆ ಕೈ ತಾನಾಗಿ ಮೇಲೆ ಹೋಗಿ ಒಂದನ್ನು ಕಿತ್ತು ತರುತ್ತಿತ್ತು. ಉಕ್ಕಿನದೋ ಬಿದಿರಿನದೋ ಎಂದು ಅವರ ಬೆರಳಿಗೇ ಗೊತ್ತು.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಹಂಪನಕಟ್ಟೆಯಲ್ಲಿ ಅವರ ಅಂಗಡಿ. ನಾನು ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಸಂಜೆ ಕದ್ರಿಯ ಮನೆಗೆ ನಡೆದು ಹೋಗುವಾಗ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ರೂಢಿಯಾಗಿತ್ತು. ಹೊಸ ಪೆಟ್ಟಿಗೆ ಬಂದರೆ ಸಾಹೇಬರು ಅದರ ಹೊಳಪು ನೋಡುತ್ತಿರಲಿಲ್ಲ. ಕೀಲಿ ಕೊಟ್ಟು, ಹಾಡಿನ ಪ್ಲೇಟು ಹಾಕಿ, ಅದಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂರುವರು. ಹಾಡುವವರು ಸಾಲಿನ ಕೊನೆಗೆ ಉಸಿರೆಳೆದುಕೊಳ್ಳುವುದು ಕೇಳಿಸಿದರೆ ತಲೆಯಾಡಿಸುವರು. ಕೇಳಿಸದಿದ್ದರೆ, ಗಿರಾಕಿ ಎದುರಿಗಿದ್ದರೂ ಸರಿ, "ತಗಡಿನ ಡಬ್ಬ" ಎಂದು ಎದ್ದುಬಿಡುವರು.

ಒಂದು ವರ್ಷ ನನ್ನ ಹೆಂಡತಿಗೆ ವಿಷಮಶೀತಜ್ವರ ಬಂತು. ಜೀವ ಉಳಿಯಿತು, ಕಿವಿ ಮಂದವಾಯಿತು. ಅಡುಗೆ ಮಾಡುತ್ತ ಸದಾ ಏನಾದರೊಂದು ಗುನುಗುತ್ತಿದ್ದವಳು ಸುಮ್ಮನಾದಳು. ನಾವೆಲ್ಲ ಅವಳೊಡನೆ ಕೂಗಿ ಮಾತಾಡುತ್ತಿದ್ದೆವು. ಅವಳು ಎಲ್ಲದಕ್ಕೂ ನಕ್ಕು ಹೂಂಗುಟ್ಟುತ್ತಿದ್ದಳು. ಅರ್ಧವೂ ಕೇಳಿಸಿರುತ್ತಿರಲಿಲ್ಲ. ನೆಂಟರು ಬಂದರೆ ಒಳಗೇ ಉಳಿಯುತ್ತಿದ್ದಳು.

ಒಂದು ಸಂಜೆ ಸಾಹೇಬರನ್ನು ಕೇಳಿದೆ, "ಎಲ್ಲಕ್ಕಿಂತ ಜೋರಾಗಿ ಹಾಡುವ ಪೆಟ್ಟಿಗೆ ಯಾವುದುಂಟು?"

"ಯಾರಿಗೆ?"

ಹೇಳಿದೆ.

"ಜೋರು ಬೇರೆ, ಸ್ಪಷ್ಟ ಬೇರೆ ಮಾರಾಯ್ರೆ. ಬಂದರಿಗೆ ಹೋಗಿ ನೋಡಿ. ಎಲ್ಲರೂ ಜೋರಾಗಿಯೇ ಮಾತಾಡ್ತಾರೆ. ಎಂತ ಹೇಳಿದ್ದು ಅಂತ ಒಬ್ಬನಿಗೂ ಗೊತ್ತಾಗುವುದಿಲ್ಲ. ತಂಗಿಯನ್ನೇ ಕರ್ಕೊಂಡು ಬನ್ನಿ."

ಭಾನುವಾರ ಅವಳು ಒಲ್ಲದ ಮನಸ್ಸಿನಿಂದ ಬಂದಳು. ಸಾಹೇಬರು ದೊಡ್ಡ ಕೊಳವೆಯ ಪೆಟ್ಟಿಗೆಯಲ್ಲಿ ಒಂದು ಹಾಡು ಹಾಕಿದರು. ಅವಳು ವಾಡಿಕೆಯಂತೆ ನಕ್ಕು ತಲೆಯಾಡಿಸಿದಳು. ಅವರು ಮುಳ್ಳನ್ನೆತ್ತಿ ಹಾಡು ನಿಲ್ಲಿಸಿ, ಅವಳ ಎದುರು ಕೂತು, ದನಿಯೇರಿಸದೆ ನಿಧಾನವಾಗಿ ಹೇಳಿದರು: "ಕೇಳದಿದ್ರೆ ಇಲ್ಲ ಅಂತ ಹೇಳಿ ತಂಗಿ. ನನಗೆ ಬೇಸರ ಇಲ್ಲ. ನೀವು ಸುಮ್ಮನೆ ಹೂಂ ಅಂದ್ರೆ ನನ್ನ ಕೆಲಸ ಆಗುವುದಿಲ್ಲ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, "ಇಲ್ಲ. ಬರೀ ಗದ್ದಲ. ಕಿವಿಗೆ ಹೊಡೀತದೆ" ಎಂದಳು.

ಜ್ವರ ಬಿಟ್ಟ ಮೇಲೆ ಅವಳ ಬಾಯಲ್ಲಿ "ಇಲ್ಲ" ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ಸಾಹೇಬರಿಗೆ ಹುರುಪು ಬಂತು. ಪೆಟ್ಟಿಗೆ ಬದಲಿಸಿದರು, ಮುಳ್ಳು ಬದಲಿಸಿದರು, ಮುಳ್ಳಿನ ಮೇಲೆ ನಡುಗುವ ಅಭ್ರಕದ ಬಿಲ್ಲೆಯನ್ನೇ ಬದಲಿಸಿದರು. ಅವಳು "ಇಲ್ಲ" ಅಂದಷ್ಟೂ ಅವರ ಮುಖ ಅರಳುತ್ತಿತ್ತು. ಕೊನೆಗೆ ಮೇಜಿನ ಮೇಲಿಡುವ ಒಂದು ಸಣ್ಣ ಪೆಟ್ಟಿಗೆಗೆ ಬಿದಿರಿನ ಮುಳ್ಳು ಹಾಕಿದರು. ದನಿ ಮೆತ್ತಗೆ ಬಂತು. ಅವಳು ಮುಂದಕ್ಕೆ ಬಾಗಿದಳು, ಹಾಡು ಮುಗಿಯುವವರೆಗೆ ಅಲುಗಲಿಲ್ಲ.

"ಈ ಹಾಡುವವಳಿಗೆ ಶೀತ ಆಗಿದೆ" ಎಂದಳು.

ಸಾಹೇಬರು ಅದೇ ಪ್ಲೇಟನ್ನು ಮತ್ತೆ ಹಾಕಿ, ಬೆನ್ನು ಮಾಡಿ ಕೂತು ಕೇಳಿದರು. ಅವರ ಭುಜ ಕುಲುಕತೊಡಗಿತು. "ಹೌದು ಮಾರಾಯ್ರೆ, ಮೂಗು ಕಟ್ಟಿದೆ. ಇಷ್ಟು ದಿನ ನಾನು ಉಸಿರು ಕೇಳ್ತಾ ಕೂತದ್ದು, ಮೂಗು ಗಮನಿಸಲೇ ಇಲ್ಲ." ನಾವು ಮೂವರೂ ನಕ್ಕೆವು.

ಆ ಸಣ್ಣ ಪೆಟ್ಟಿಗೆಯನ್ನೇ ಕೊಂಡು ಗಾಡಿಗೇರಿಸುವಾಗ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, "ಮನೆಯಲ್ಲಿ ನೀವೂ ಕೂಗಬೇಡಿ. ಎದುರು ಕೂತು ಹೇಳಿ."

ಅಂದಿನಿಂದ ಹಾಗೆಯೇ ಮಾಡಿದೆ. ಅವಳೂ ನಗುವುದರ ಬದಲು "ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ" ಎನ್ನತೊಡಗಿದಳು, ನನಗೆ, ನನ್ನ ಅಮ್ಮನಿಗೆ, ಮೀನು ತರುವವಳಿಗೆ.

ಯುದ್ಧ ಶುರುವಾಗಿ ಪ್ಲೇಟು, ಮುಳ್ಳು ಬರುವುದು ನಿಂತಿತು. ಸಾಹೇಬರು ಅಂಗಡಿ ಮುಚ್ಚಿ ಮನೆ ಹಿಡಿದರು. ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಹೊರಡುತ್ತಿದ್ದಂತೆ ಅವಳೂ ಸೀರೆ ಬದಲಿಸಿ ಬಂದಳು. ನಾನು ಗಂಡಸರ ಜೊತೆ ಜಗಲಿಯಲ್ಲಿ ಕೂತೆ. ಅವಳು ಒಳಗೆ ಅವರ ಹೆಂಡತಿ, ಹೆಣ್ಣುಮಕ್ಕಳ ನಡುವೆ ಸಂಜೆಯವರೆಗೂ ಇದ್ದಳು.

ಮರಳಿ ಬರುವಾಗ, ಆ ಹೆಂಗಸರು ಸಾಹೇಬರ ಬಗ್ಗೆ ಹೇಳಿದ್ದನ್ನೆಲ್ಲ ಒಂದೊಂದಾಗಿ ನನಗೆ ಹೇಳಿದಳು. ಕದ್ರಿಯ ಏರು ಹತ್ತುವವರೆಗೂ ನಾನು ಮಾತಾಡದೆ ಕೇಳುತ್ತಾ ನಡೆದೆ.